ಸಣ್ಣ ಊರಿನ ಹೋಟೆಲೂ ನಿವೃತ್ತ ದಂಪತಿಗಳೂ

ಬೆಳಗಿನ ಎಂಟು ಗಂಟೆಯ ನೂಕುನುಗ್ಗಲು ಇಳಿದು, ಆಫೀಸಿನವರೂ ಶಾಲೆಯವರೂ ಎದ್ದುಹೋದ ಮೇಲೆ, ತಾಲ್ಲೂಕು ಕೇಂದ್ರದ ಯಾವುದಾದರೊಂದು ಹೋಟೆಲಿನೊಳಗೆ ಇಣುಕಿದರೆ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಗೋಡೆಯ ಪಕ್ಕದ ಮೇಜಿನಲ್ಲಿ ಇಬ್ಬರು ಎದುರುಬದುರಾಗಿ ಕುಳಿತಿರುತ್ತಾರೆ. ಅವರು ನಿವೃತ್ತರಾದ ಉಪಾಧ್ಯಾಯರೋ, ಕಂದಾಯ ಇಲಾಖೆಯ ಗುಮಾಸ್ತರೋ, ಅಂಚೆ ಕಚೇರಿಯಲ್ಲಿ ಆಯುಷ್ಯ ಸವೆಸಿದವರೋ ಇರಬಹುದು. ಎದುರಿಗೆ ಅವರ ಪತ್ನಿ. ಇಬ್ಬರ ಮುಂದೆಯೂ ಒಂದೊಂದು ಪ್ಲೇಟು ಇಡ್ಲಿ. ಅದು ಮುಗಿದ ಮೇಲೆ ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ತರುವಂತೆ ಹೇಳುತ್ತಾರೆ. ಒಂದಕ್ಕೆ ಸಕ್ಕರೆ ಇಲ್ಲ. ಅವರಿಗೆ ಬಸ್ಸು ಹಿಡಿಯುವ ಆತುರವಿಲ್ಲ, ಗಂಟೆ ಹೊಡೆದೀತೆಂಬ ಭಯವಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಯಜಮಾನರಿಗೂ ಅವರು ಬೇಗ ಏಳಲೆಂಬ ಅವಸರವಿದ್ದಂತೆ ಕಾಣುವುದಿಲ್ಲ.

ಈ ನೋಟ ಇಂದು ಯಾವ ಊರಿಗೂ ಅಪರೂಪವಲ್ಲ. ಅಪರೂಪವಾಗಿರುವುದು ನಮ್ಮ ಕಥೆ ಕಾದಂಬರಿಗಳಿಗೆ. ಹೋಟೆಲು ನಮ್ಮ ಗದ್ಯಸಾಹಿತ್ಯಕ್ಕೆ ಹೊಸ ವಸ್ತುವಲ್ಲ. ಮುಪ್ಪು ಅದಕ್ಕಿಂತಲೂ ಹಳೆಯದು. ಆದರೆ ಮುಪ್ಪು ಹೋಟೆಲಿಗೆ ಬಂದು ಕುಳಿತದ್ದನ್ನು, ಅದೂ ಜೊತೆಯಾಗಿ, ಸಮಾಧಾನದಿಂದ ಬಂದು ಕುಳಿತದ್ದನ್ನು, ನಮ್ಮ ಹೆಸರಾಂತ ಕಾದಂಬರಿಗಳು ಕಥೆಯ ನಡುಮನೆಗೆ ಕರೆತಂದಿಲ್ಲ. ಇದೇಕೆ ಹೀಗೆ ಎಂಬ ಪ್ರಶ್ನೆ ಬರಿಯ ವಿನೋದದ್ದಲ್ಲ. ಒಂದು ಸಾಹಿತ್ಯ ಏನನ್ನು ಕಂಡಿತೆಂಬುದರಿಂದ ಅದರ ಶಕ್ತಿ ತಿಳಿಯುವಂತೆ, ಕಣ್ಣೆದುರಿಗಿದ್ದೂ ಏನನ್ನು ಕಾಣದೆ ಹೋಯಿತೆಂಬುದರಿಂದ ಅದರ ಅಭ್ಯಾಸ ತಿಳಿಯುತ್ತದೆ.

ಅನ್ನವೂ ಕ್ರಯವೂ

ಮೊದಲು ಹೋಟೆಲಿನ ಹುಟ್ಟನ್ನು ನೆನೆಯಬೇಕು. ಅನ್ನವನ್ನು ಮಾರಬಾರದೆಂಬುದು ನಮ್ಮ ಹಿರಿಯರ ಭಾವನೆ. ಅನ್ನವಿಕ್ರಯವನ್ನು ಅವರು ಪಾಪಗಳ ಸಾಲಿನಲ್ಲಿ ಎಣಿಸಿದ್ದರು. ದಾರಿಹೋಕನಿಗೆ ಛತ್ರವಿತ್ತು, ಮಠವಿತ್ತು, ಪರಿಚಯದವರ ಜಗಲಿ ಇತ್ತು. ಅವೂ ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲವೆಂಬುದು ಬೇರೆ ಮಾತು. ರೈಲು ಬಂತು, ಬಸ್ಸು ಬಂತು, ಕಚೇರಿ ಕಾಲೇಜುಗಳು ಬಂದುವು. ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದ ಗುಮಾಸ್ತ, ಕೋಣೆ ಬಾಡಿಗೆಗೆ ಹಿಡಿದ ವಿದ್ಯಾರ್ಥಿ, ಕೋರ್ಟಿನ ವಾಯಿದೆಗೆ ಬಂದ ಕಕ್ಷಿಗಾರ, ಇವರ ಹೊಟ್ಟೆಗಾಗಿ ಹೋಟೆಲು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಬಹುಮಂದಿ ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಬ್ರಾಹ್ಮಣರ ಕಾಫಿ ಕ್ಲಬ್ಬು’ ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದು ಪ್ರಸಿದ್ಧವಾಯಿತು. ಗಾಂಧಿ ಬಜಾರಿನಲ್ಲಿ 1943ರಲ್ಲಿ ತೆರೆದ ಹೋಟೆಲಿಗೆ ‘ವಿದ್ಯಾರ್ಥಿ ಭವನ’ವೆಂದು ಹೆಸರಾಯಿತು. ಒಂದು ಹೆಸರು ಜಾತಿಯನ್ನು ಹೇಳುತ್ತದೆ, ಇನ್ನೊಂದು ವಯಸ್ಸನ್ನು. ಉತ್ತರದ ಜಿಲ್ಲೆಗಳ ಖಾನಾವಳಿಗಳಲ್ಲಿಯೂ ತಿಂಗಳ ಲೆಕ್ಕದಲ್ಲಿ ರೊಟ್ಟಿ ಉಂಡವರು ಹೆಚ್ಚಾಗಿ ಒಂಟಿ ಗಂಡಸರೇ.

ಹೋಟೆಲುಗಳಿಗೆ ನಮ್ಮ ಜನ ಇಟ್ಟ ಹೆಸರುಗಳನ್ನು ಗಮನಿಸಬೇಕು: ಭವನ, ನಿವಾಸ, ಉಪಾಹಾರ ಗೃಹ, ಲಂಚ್ ಹೋಂ. ಎಲ್ಲವೂ ಮನೆಯ ಹೆಸರುಗಳೇ. ಮನೆಯನ್ನು ಬಿಟ್ಟು ಬಂದವನಿಗೆ ಮನೆಯೆಂಬ ಮಾತಿನ ಆಸರೆ. ಆದರೆ ಈ ಮನೆಯಲ್ಲಿ ಮನೆಯಾಕೆಗೆ ಸ್ಥಳವಿರಲಿಲ್ಲ. ಹೆಂಗಸು ಬಂದರೆ ಅವಳಿಗಾಗಿ ‘ಫ್ಯಾಮಿಲಿ ರೂಂ’ ಎಂಬ ಒಂದು ಗೂಡು. ಅದಕ್ಕೊಂದು ಅರ್ಧಬಾಗಿಲು, ಇಲ್ಲವೇ ಎಣ್ಣೆಗಂಟಿದ ಒಂದು ಪರದೆ. ಅವಳು ತಿನ್ನುವುದು ಯಾರ ಕಣ್ಣಿಗೂ ಬೀಳಬಾರದು. ಜಾತಿಯ ಬೇಲಿಯಾದರೂ ಕಾನೂನಿನಲ್ಲಿ ಬಿದ್ದಿತು: 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿ ಧರ್ಮಗಳ ಜೊತೆಗೆ ಲಿಂಗವನ್ನೂ ಹೆಸರಿಸಿ, ಈ ಕಾರಣಗಳಿಗಾಗಿ ಯಾರನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಂದ ದೂರವಿಡಬಾರದೆಂದು ಸಾರಿತು. ದೇಶದ ಮೂಲ ಶಾಸನವೊಂದು ಹೋಟೆಲಿನ ಹೆಸರನ್ನೆತ್ತಿ ಮಾತನಾಡಿದೆಯೆಂದರೆ, ಹೋಟೆಲಿನ ಮೇಜು ಎಷ್ಟು ದೊಡ್ಡ ವಿಷಯವಾಗಿತ್ತೆಂಬುದು ಸ್ಪಷ್ಟ. ಬೇರೆ ಲೋಟ, ಹೊರಗಿನ ಬೆಂಚುಗಳು ಆ ವಿಧಿಯಾದ ಮೇಲೂ ಹಳ್ಳಿಪೇಟೆಗಳಲ್ಲಿ ಬಹುಕಾಲ ಉಳಿದುವು. ಹೆಂಗಸಿನ ಪರದೆಯನ್ನಂತೂ ಯಾವ ಕಾನೂನೂ ಎಳೆದು ತೆಗೆಯಲಿಲ್ಲ. ಅದು ತಾನಾಗಿಯೇ ಹರಿಯುವತನಕ ಕಾಯಬೇಕಾಯಿತು.

ಕಾದಂಬರಿಕಾರರು ಕಂಡ ಹೋಟೆಲು

ಇನ್ನು ಸಾಹಿತ್ಯಕ್ಕೆ ಬರೋಣ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಹೋಟೆಲು ಇರುವುದು ದೂರದ ಬೆಂಗಳೂರಿನಲ್ಲಿ, ಕಡಲ ಕರೆಯ ಹಳ್ಳಿಗೆ ಬರುವುದು ಅದರ ಹಣ ಮಾತ್ರ. ಶೀನ ಮಯ್ಯರ ಮಕ್ಕಳು ಹೋಟೆಲಿನಲ್ಲಿ ಗಳಿಸಿದ್ದು ನೆರೆಯ ರಾಮ ಐತಾಳರ ಮನಸ್ಸನ್ನು ಕುಟುಕುತ್ತದೆ. ಊರಿನಲ್ಲೇ ಉಳಿದು ಗದ್ದೆಯ ಕೆಸರನ್ನೂ ಮನೆಯ ಒಲೆಯನ್ನೂ ಹೊತ್ತವರು ಪಾರೋತಿ, ಸರಸೋತಿಯರು. ಆ ಹೆಂಗಸರ ದುಡಿಮೆಯನ್ನು ಕಾರಂತರಷ್ಟು ನಿಚ್ಚಳವಾಗಿ ಕಂಡವರು ವಿರಳ. ಆದರೆ ಹೋಟೆಲನ್ನು ಅವರು ಇಲ್ಲಿ ಕಂಡದ್ದು ಗಲ್ಲಾಪೆಟ್ಟಿಗೆಯ ಕಡೆಯಿಂದ. ಅದು ಗಳಿಕೆಯ ದಾರಿ, ಊರನ್ನು ಬಿಡಿಸುವ ದಾರಿ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಹೋಟೆಲನ್ನು ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಸೂತಕ ಹೊತ್ತ ಪ್ರಾಣೇಶಾಚಾರ್ಯರು ಮೇಳಿಗೆಯ ಜಾತ್ರೆಯಲ್ಲಿ ಪುಟ್ಟನ ಜೊತೆ ಕುಡಿಯುವ ಕಾಫಿ ಸಾಮಾನ್ಯ ಕಾಫಿಯಲ್ಲ. ಅದು ಮಡಿಯ ಲೋಕದಿಂದ ಹೊರಗಿಟ್ಟ ಹೆಜ್ಜೆ. ಇಲ್ಲಿ ಅಂಗಡಿಯ ಬೆಂಚು ಉಲ್ಲಂಘನೆಯ ಸ್ಥಳ. ಇದೇ ಕಾದಂಬರಿಯ ಮೊದಲಿನಲ್ಲಿ ಆಚಾರ್ಯರು ರೋಗಿಷ್ಠೆಯಾದ ಭಾಗೀರಥಿಗೆ ಸ್ನಾನ ಮಾಡಿಸಿ, ಗಂಜಿ ಉಣಿಸುವ ಚಿತ್ರವಿದೆ. ಗಂಡನೊಬ್ಬ ಹೆಂಡತಿಗೆ ಬಡಿಸುವ ಚಿತ್ರ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಮೂಡಿರುವುದು ಕಡಮೆ. ಆದರೆ ಅಲ್ಲಿ ಬಡಿಸುವುದು ಅವರ ತಪಸ್ಸು, ಉಣ್ಣುವುದು ಅವಳ ರೋಗ. ಇಬ್ಬರೂ ಒಟ್ಟಿಗೆ ಕೂತು ಉಂಡು ಸಂತೋಷಪಡುವ ಮಾತು ಆ ಮನೆಯಲ್ಲಿ ಏಳುವಂತೆಯೇ ಇಲ್ಲ.

ಭೈರಪ್ಪನವರ ‘ಗೃಹಭಂಗ’ (1970) ಮೂರನೆಯ ನೋಟ. ಮನೆಮಂದಿ ಹಸಿದಿರುವಾಗ ತಾನೊಬ್ಬನೇ ಹೋಟೆಲಿನಲ್ಲಿ ತಿಂದು ಬರುವ ಚೆನ್ನಿಗರಾಯನನ್ನು ಓದಿದವರು ಯಾರೂ ಮರೆಯಲಾರರು. ಶ್ಯಾನುಭೋಗಿಕೆಯ ಲೆಕ್ಕ ಬರೆಯುವವಳೂ ನಂಜಮ್ಮ, ಮಕ್ಕಳ ಹೊಟ್ಟೆಗೆ ದಾರಿ ಹುಡುಕುವವಳೂ ಅವಳೇ. ಹೋಟೆಲು ಇಲ್ಲಿ ಗಂಡಸಿನ ಸ್ವಾರ್ಥದ ಗುರುತು. ಅಲ್ಲಿ ಒಬ್ಬ ತಿಂದ ದೋಸೆ ಇಲ್ಲಿ ನಾಲ್ವರ ಬಾಯಿಂದ ಕಸಿದದ್ದು. ನಂಜಮ್ಮ ಆ ಬೆಂಚಿನ ಮೇಲೆ ಕುಳಿತಾಳೆಂದು ಓದುಗ ಕಲ್ಪಿಸಿಕೊಳ್ಳುವುದೂ ಸಾಧ್ಯವಿಲ್ಲ. ಕಾದಂಬರಿಯ ಕಠೋರ ಸತ್ಯವಿರುವುದು ಆ ಅಸಾಧ್ಯತೆಯಲ್ಲಿಯೇ.

ಈಚಿನದಕ್ಕೆ ಬಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಅದರ ನಿರೂಪಕ ಮನೆಯ ಬಿಕ್ಕಟ್ಟಿನಿಂದ ತಪ್ಪಿಸಿಕೊಂಡು ಬೆಂಗಳೂರಿನ ಕಾಫಿ ಹೌಸಿಗೆ ಬರುತ್ತಾನೆ; ಅಲ್ಲಿ ವಿನ್ಸೆಂಟನೆಂಬ ಮಾಣಿಯ ಒಂದೊಂದು ಮಾತೂ ಅವನಿಗೆ ದೈವವಾಣಿಯಂತೆ ಕೇಳುತ್ತದೆ. ನೆರೆಯ ಇಂಗ್ಲಿಷ್ ಬರಹವನ್ನು ನೋಡಿದರೂ ಹೀಗೆಯೇ. ಮೈಸೂರಿನ ಆರ್. ಕೆ. ನಾರಾಯಣರ ಮಾಲ್ಗುಡಿಯಲ್ಲಿ ‘ಬೋರ್ಡ್‌ಲೆಸ್’ ಎಂಬ ಹೋಟೆಲಿದೆ; ಅದು ಊರಿನ ಗಂಡಸರು ಸೇರಿ ಹರಟುವ ಚಾವಡಿ.

ಇಷ್ಟು ಕೃತಿಗಳು ಒಂದರಂತೆ ಒಂದಿಲ್ಲ. ಕಾಲ ಬೇರೆ, ದೃಷ್ಟಿ ಬೇರೆ. ಆದರೂ ಒಂದು ವಿಷಯದಲ್ಲಿ ಅವು ಒಮ್ಮತವಾಗಿವೆ. ಹೋಟೆಲಿಗೆ ಹೋಗುವವನು ಗಂಡಸು, ಮತ್ತು ಅವನು ಅಲ್ಲಿಗೆ ಹೋಗುವುದು ಮನೆಯನ್ನು ಬಿಟ್ಟು. ಗಳಿಕೆಗಾಗಿ ಬಿಡಬಹುದು, ಮಡಿಯನ್ನು ಮೀರಲು ಬಿಡಬಹುದು, ಹೊಟ್ಟೆಬಾಕತನದಿಂದ ಬಿಡಬಹುದು, ಮನಶ್ಶಾಂತಿಗಾಗಿ ಬಿಡಬಹುದು. ಮನೆ ಒಂದು ಕಡೆ, ಹೋಟೆಲು ಇನ್ನೊಂದು ಕಡೆ, ನಡುವೆ ಹೊಸಿಲು. ಇದು ಲೇಖಕರ ಕುರುಡೆಂದು ಹೇಳುವುದು ಅನ್ಯಾಯ. ಅವರು ಬರೆದ ಜೀವನದಲ್ಲಿ ಆ ಹೊಸಿಲು ನಿಜವಾಗಿಯೂ ಇತ್ತು. ಆದರೆ ನಿಜ ಬದಲಾದ ಮೇಲೂ ಹಳೆಯ ಚಿತ್ರವೇ ಉಳಿದರೆ ಅದು ನೋಟವಾಗಿ ಉಳಿಯುವುದಿಲ್ಲ, ರೂಢಿಯಾಗುತ್ತದೆ.

ಮುಪ್ಪಿನ ಚಿತ್ರ

ಹೋಟೆಲಿನದು ಹೀಗಾದರೆ, ನಿವೃತ್ತಿಯದು ಹೇಗೆ? ಈ ವಿಷಯದಲ್ಲಿ ನಮ್ಮ ಓದುಗರ ಮನಸ್ಸಿನಲ್ಲಿ ಅಚ್ಚೊತ್ತಿದ ದಂಪತಿಗಳು ತೇಜಸ್ವಿಯವರ ತಬರ ಮತ್ತು ಅವನ ಹೆಂಡತಿ. ‘ತಬರನ ಕತೆ’ಯನ್ನು ಓದಿದವರೂ, ಗಿರೀಶ ಕಾಸರವಳ್ಳಿಯವರ ಚಿತ್ರವನ್ನು ನೋಡಿದವರೂ, ಬಾರದ ಪಿಂಚಣಿಯನ್ನೂ ವಾಸಿಯಾಗದ ಕಾಲಿನ ಹುಣ್ಣನ್ನೂ ಮರೆಯುವುದಿಲ್ಲ. ಅದು ದೊಡ್ಡ ಕಥೆ. ಆದರೆ ದೊಡ್ಡ ಕಥೆಯ ನೆರಳಿನಲ್ಲಿ ಸಣ್ಣ ಕಥೆಗಳ ಒಂದು ಹಿಂಡೇ ಬೆಳೆಯುತ್ತದೆ. ನಮ್ಮ ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿ ಮುದುಕ ಮುದುಕಿಯರು ಕಾಣಿಸಿಕೊಂಡರೆಂದರೆ ಮುಂದಿನದನ್ನು ಓದುಗರೇ ಬರೆಯಬಹುದು. ಮಗ ಅಮೆರಿಕೆಯಲ್ಲಿ, ದೂರವಾಣಿ ಕರೆ ಬಾರದು, ಖಾಲಿ ಮನೆ, ಗೋಡೆಯ ಗಡಿಯಾರ, ಕೊನೆಗೆ ವೃದ್ಧಾಶ್ರಮ. ಈ ಕಥೆಗಳಲ್ಲಿ ಮುಪ್ಪಿಗೆ ಒಂದೇ ರಸ, ಅದು ಕರುಣ. ಅಂಥ ಕಥೆಯೊಂದರಲ್ಲಿ ಇಬ್ಬರೂ ಹೋಟೆಲಿಗೆ ಹೋದರೆಂದರೆ ಅದು ಮಕ್ಕಳು ಕೈಬಿಟ್ಟದ್ದರ ಗುರುತು. ‘ಪಾಪ, ಈ ವಯಸ್ಸಿನಲ್ಲಿ ಹೋಟೆಲಿನ ಅನ್ನ’ ಎಂದು ಪಕ್ಕದ ಮನೆಯವರು ನಿಟ್ಟುಸಿರಿಡಲೇಬೇಕು.

ಈ ನಿಟ್ಟುಸಿರು ಯಾರದೆಂದು ಕೇಳಬೇಕಾಗಿದೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಹೆಚ್ಚು. ಇವರೆಲ್ಲರೂ ಕಣ್ಣೊರಸಿಕೊಳ್ಳುತ್ತ ಕುಳಿತಿದ್ದಾರೆಂದು ನಂಬುವುದು ಕಥೆಗಾರನಿಗೆ ಅನುಕೂಲವಾದೀತೇ ಹೊರತು ಸತ್ಯವಾಗದು. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಾವು ಹಾಸ್ಯಕ್ಕೆ ಬಳಸುತ್ತೇವೆ. ಅರಳು ಎಂಬ ಮಾತಿಗೆ ಹೂವು ಬಿರಿಯುವುದೆಂಬ ಅರ್ಥವೂ ಕನ್ನಡದಲ್ಲಿ ಇದೆಯೆಂಬುದನ್ನು ನಮ್ಮ ಕಥೆಗಾರರು ಒಮ್ಮೆ ನೆನೆದರೆ ಒಳ್ಳೆಯದು.

‘ಏನು ಮಾಡಲಿ’, ‘ಏನು ಬೇಕು’

ಹಾಗಾದರೆ ಆ ಗೋಡೆಯ ಪಕ್ಕದ ಮೇಜಿನಲ್ಲಿ ನಡೆಯುವುದು ಏನು? ಅಲ್ಲಿ ಇಡ್ಲಿಯ ರುಚಿಗಿಂತ ದೊಡ್ಡದೊಂದು ನಡೆಯುತ್ತಿದೆ.

ನಮ್ಮ ಮಧ್ಯಮ ವರ್ಗದ ಮನೆಯಲ್ಲಿ ಗಂಡ ಹೆಂಡತಿ ಒಟ್ಟಿಗೆ ಉಣ್ಣುವುದು ಈಚಿನ ರೂಢಿ. ಗಂಡ, ಮಕ್ಕಳು, ಅತ್ತೆ ಮಾವಂದಿರು, ಬಂದ ನೆಂಟರು ಎಲ್ಲರೂ ಎದ್ದ ಮೇಲೆ, ತಳದಲ್ಲಿ ಉಳಿದ ಸಾರಿನೊಡನೆ ಒಲೆಯ ಬಳಿ ಕೂತು ಉಂಡ ಹೆಂಗಸರ ತಲೆಮಾರು ಇನ್ನೂ ನಮ್ಮ ನಡುವೆ ಬದುಕಿದೆ. ದಿನಕ್ಕೆರಡು ಸಲವೆಂದು ಹಿಡಿದರೂ, ನಲವತ್ತು ವರ್ಷದ ಸಂಸಾರದಲ್ಲಿ ಅಂಥ ಗೃಹಿಣಿ 29,200 ಸಲ ಅಡಿಗೆ ಮಾಡಿ ಬಡಿಸಿರುತ್ತಾಳೆ. ತಿಂಡಿ ಕಾಫಿಗಳ ಲೆಕ್ಕ ಬೇರೆ. ಗಂಡನಿಗೆ ಅರವತ್ತಕ್ಕೆ ನಿವೃತ್ತಿಯಾಗುತ್ತದೆ. ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ, ಗಂಧದ ಮಾಲೆಯೊಡನೆ ಒಂದು ಫೋಟೋ ತೆಗೆಯುತ್ತಾರೆ. ಅವಳ ಕೆಲಸಕ್ಕೆ ನಿವೃತ್ತಿಯ ವಯಸ್ಸನ್ನು ಯಾವ ಸರ್ಕಾರವೂ ಗೊತ್ತುಮಾಡಿಲ್ಲ. ಅಷ್ಟೇ ಅಲ್ಲ, ಅವರು ನಿವೃತ್ತರಾದ ಮಾರನೆಯ ದಿನದಿಂದ ಅವಳಿಗೆ ಹನ್ನೊಂದು ಗಂಟೆಯ ಕಾಫಿಯ ಕೆಲಸವೊಂದು ಹೆಚ್ಚುತ್ತದೆ.

ನಮ್ಮ ಕಾಲೇಜಿರುವ ಊರಿನಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಪತ್ನಿಯೊಡನೆ ವಾರಕ್ಕೆರಡು ಬೆಳಗು ಹೋಟೆಲಿಗೆ ಬರುತ್ತಾರೆ. ಮೊದಮೊದಲು ಮಾಣಿ ಬಂದು, “ಏನು ಕೊಡಲಿ ಮೇಷ್ಟ್ರೇ?” ಎಂದು ಅವರನ್ನೇ ಕೇಳುತ್ತಿದ್ದ, ಅವರು ಇಬ್ಬರಿಗೂ ಸೇರಿಸಿ ಹೇಳುತ್ತಿದ್ದರು. ಒಂದು ದಿನ ಆಕೆ, “ಅವರನ್ನು ಯಾಕಪ್ಪಾ ಕೇಳ್ತೀಯ? ನನಗೊಂದು ಖಾಲಿ ದೋಸೆ ತಾ. ಚಟ್ನಿ ಬೇರೆ ಬಟ್ಟಲಲ್ಲಿರಲಿ” ಎಂದರಂತೆ. ಇದನ್ನು ಹೇಳುತ್ತ ಮೇಷ್ಟ್ರು ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು, “ಇವಳಿಗೆ ಏನು ಇಷ್ಟ ಅಂತ ನಾನು ಕೇಳಿಯೇ ಇರಲಿಲ್ಲ ನೋಡಿ” ಎಂದರು.

ಈ ಮಾತಿನಲ್ಲಿ ಒಂದು ಕಾದಂಬರಿಗೆ ಬೇಕಾದಷ್ಟು ವಸ್ತುವಿದೆ. ಜೀವಮಾನವೆಲ್ಲ ಆಕೆ ಇತರರನ್ನು ‘ಏನು ಮಾಡಲಿ?’ ಎಂದು ಕೇಳಿದವರು. ‘ಏನು ಬೇಕು?’ ಎಂದು ಅವರನ್ನು ಮೊದಲು ಕೇಳಿದ್ದು ಮನೆಯವರಲ್ಲ, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಒಬ್ಬ ಅಪರಿಚಿತ ಹುಡುಗ. ಮನೆಯ ಹೆಸರನ್ನು ಎರವಲು ಪಡೆದ ಹೋಟೆಲು, ಮನೆ ಮಾಡದೆ ಬಿಟ್ಟ ಕೆಲಸವನ್ನು ಮಾಡಿತು. ಎರಡು ತಟ್ಟೆಗಳು ಒಟ್ಟಿಗೆ ಬಂದುವು, ಒಂದೇ ಬಿಸಿಯಲ್ಲಿ ಬಂದುವು. ಅವಳು ಏಳಬೇಕಾಗಿಲ್ಲ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯ ಮೊದಲ ಅರ್ಧ ನಮ್ಮ ಹೆಂಗಸರ ಪಾಲಿಗೆ ನಿಜವಾಗಲು ಇಷ್ಟು ವರ್ಷ ಹಿಡಿಯಿತು.

ಅಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮೇಜಿನ ಆ ಬದಿಯಲ್ಲಿ ಕುಳಿತವಳೇ ಆ ಹೋಟೆಲಿಗೆ ಸಿಗಬಹುದಾದ ಅತ್ಯಂತ ನುರಿತ ವಿಮರ್ಶಕಿ. ಸಾಂಬಾರಿನ ಹುಣಸೆ ಹೊಸದೋ ಹಳೆಯದೋ, ಹಿಟ್ಟು ಹೆಚ್ಚು ಹುಳಿ ಬಂದಿದೆಯೋ, ಚಟ್ನಿಯಲ್ಲಿ ಹುರಿಗಡಲೆ ಹೆಚ್ಚಾಗಿ ಕಾಯಿ ಎಷ್ಟು ಕಡಮೆಯಾಗಿದೆ, ಇವನ್ನೆಲ್ಲ ಅವಳು ಮೊದಲ ತುತ್ತಿಗೇ ಹೇಳಬಲ್ಲಳು. ಗಂಡ ‘ಚೆನ್ನಾಗಿದೆ’ ಎಂದದ್ದನ್ನು ಅವಳು ತಿದ್ದುತ್ತಾಳೆ. ಅವರಿಬ್ಬರ ನಡುವೆ ಚರ್ಚೆ ಏಳುತ್ತದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದರು ಹಿರಿಯರು. ಇಲ್ಲಿ ಉಣ್ಣುವುದೇ ಜಗಳಕ್ಕೆ ಸಂತೋಷದ ಕಾರಣ. ಮನೆಯಲ್ಲಿ ಅವಳ ಅಡಿಗೆಗೆ ಇತರರು ತೀರ್ಪು ಕೊಡುತ್ತಿದ್ದರು. ಇಲ್ಲಿ ಅವಳು ತೀರ್ಪು ಕೊಡುವವಳು. ಆಸನ ಬದಲಾದುದರಿಂದ ಅಧಿಕಾರವೂ ಬದಲಾಯಿತು.

ಇದನ್ನು ಬರಿಯ ಬಿಡುಗಡೆಯ ಕಥೆಯಾಗಿ ಬರೆದರೂ ಸುಳ್ಳಾದೀತು. ‘ನನ್ನ ಕೈ ಸೋತಿತು’ ಎಂದು ಒಪ್ಪಿಕೊಳ್ಳುವ ನೋವು ಕೆಲವು ಗೃಹಿಣಿಯರಿಗೆ ಹೋಟೆಲಿನ ಬಾಗಿಲಲ್ಲಿ ಎದುರಾಗುತ್ತದೆ. ಅಡಿಗೆಮನೆ ಅವರ ಹೊರೆಯಾಗಿದ್ದಂತೆ ಅವರ ರಾಜ್ಯವೂ ಆಗಿತ್ತು. ಮಂಡಿನೋವಿನಿಂದ ಆ ರಾಜ್ಯವನ್ನು ಬಿಟ್ಟುಕೊಡುವವಳ ಮನಸ್ಸನ್ನೂ ಲೇಖಕ ಬಲ್ಲವನಾಗಿರಬೇಕು. ಸಕ್ಕರೆ ರೋಗ, ರಕ್ತದೊತ್ತಡಗಳ ಮನೆಯಲ್ಲಿ ‘ಊಟಬಲ್ಲವನಿಗೆ ರೋಗವಿಲ್ಲ’ ಎಂಬ ಎಚ್ಚರವೂ ಬೇಕು. ಉಪ್ಪು ಕಡಮೆ ಹಾಕೆಂದರೆ ಹಾಕುವ ಹೋಟೆಲು ಹತ್ತರಲ್ಲಿ ಒಂದಿದ್ದರೆ ಪುಣ್ಯ.

ಮೇಜಿನ ಆಚೆಯವರು

ಇನ್ನೂ ದೊಡ್ಡ ಎಚ್ಚರವೊಂದಿದೆ. ಒಬ್ಬ ಹೆಂಗಸು ಅಡಿಗೆಯಿಂದ ಎದ್ದು ಬಂದಳೆಂದರೆ ಆ ಅಡಿಗೆ ಇನ್ನಾರದೋ ಕೈಗೆ ಹೋಯಿತೆಂದೇ ಅರ್ಥ. ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರು, ತರಕಾರಿ ಹೆಚ್ಚುವವರು ಅನೇಕ ಕಡೆ ಹೆಂಗಸರೇ; ಅವರಲ್ಲಿ ಮೇಜಿಗೆ ಬಂದು ಕುಳಿತ ಆ ಅಮ್ಮನ ವಯಸ್ಸಿನವರೂ ಉಂಟು. ಮಾಣಿಯೆಂದರೆ ಚಿಕ್ಕ ಹುಡುಗನೆಂದೇ ಬಹುಕಾಲ ಅರ್ಥವಿತ್ತು. ಹೋಟೆಲು ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ಕೇಂದ್ರ ಸರ್ಕಾರದ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಇಂದು ಆ ಸ್ಥಳದಲ್ಲಿ ದೂರದ ಒಡಿಶಾ, ಬಿಹಾರ, ಅಸ್ಸಾಮುಗಳಿಂದ ಬಂದ ತರುಣರನ್ನು ಕಾಣುತ್ತೇವೆ. ಅವರಲ್ಲಿ ಹಲವರು ಕಲಿಯುವ ಮೊದಲ ಕನ್ನಡ ಮಾತೇ ‘ಏನು ಬೇಕು?’ ಎಂಬುದು. ಅವರನ್ನು ಆ ಪ್ರಶ್ನೆ ಕೇಳುವವರು ಯಾರು?

ಅಂತೆಯೇ, ನಿವೃತ್ತಿ ಎಂಬ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಕೂಲಿಯವನಿಗೆ, ಸಣ್ಣ ಹಿಡುವಳಿಯ ರೈತನಿಗೆ ಕೈ ನಡೆಯುವ ತನಕ ಕೆಲಸ. ಸರ್ಕಾರಿ ನೌಕರಿಯಲ್ಲಿ ಕೂಡ ನಮ್ಮ ರಾಜ್ಯದಲ್ಲಿ 2006ರ ಏಪ್ರಿಲಿನಿಂದ ಈಚೆಗೆ ಸೇರಿದವರನ್ನು ಹೊಸ ಪಿಂಚಣಿ ಪದ್ಧತಿಗೆ ಸೇರಿಸಲಾಯಿತು. ಹಳೆಯ ಮೇಷ್ಟ್ರಿಗಿದ್ದ ನಿಶ್ಚಿಂತೆ ಅವರಿಗಿಲ್ಲ. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇತ್ತು. ಮುಂದೆ ಅವು ಬೇರೆ ಊರುಗಳಿಗೂ ಬಂದುವು. ಅಲ್ಲಿನ ಸಾಲಿನಲ್ಲಿ ನಿಂತ ಮುದುಕ ಮುದುಕಿಯರೂ ದಂಪತಿಗಳೇ. ಗೋಡೆಯ ಪಕ್ಕದ ಮೇಜನ್ನು ಬರೆಯುವ ಲೇಖಕ ಆ ಸಾಲನ್ನು ಮರೆತರೆ, ಅವನ ಸಂತೋಷ ಅರೆಬೆಂದದ್ದಾಗುತ್ತದೆ.

ಹಳೆಯ ರುಚಿಯ ಹಂಬಲ

ಇಂದು ಹೋಟೆಲಿನ ಬಗೆಗೆ ಬರಹಕ್ಕೇನೂ ಕೊರತೆಯಿಲ್ಲ. ಪತ್ರಿಕೆಗಳಲ್ಲಿ ಅಂಕಣಗಳಿವೆ, ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಚಲಿಸುವ ಚಿತ್ರಗಳಿವೆ. ದಾವಣಗೆರೆಯ ಬೆಣ್ಣೆದೋಸೆ, ಮದ್ದೂರಿನ ವಡೆ, ಬಿಡದಿಯ ತಟ್ಟೆ ಇಡ್ಲಿ, ಇವುಗಳ ಕೀರ್ತನೆ ಪ್ರತಿದಿನವೂ ನಡೆದಿದೆ. ಇವನ್ನು ಓದಿದಾಗ ಬಾಯಲ್ಲಿ ನೀರೂರುತ್ತದೆಂಬುದು ನಿಜ. ಆದರೆ ಈ ಬರಹಗಳ ಮೂಲ ಶ್ರುತಿ ಒಂದೇ: ‘ಆ ಕಾಲದ ರುಚಿ ಈಗೆಲ್ಲಿ?’ ಐದು ಪೈಸೆಯ ಕಾಫಿ, ಹಿತ್ತಾಳೆಯ ಲೋಟ, ಬಾಳೆಯೆಲೆ, ಅಮೃತಶಿಲೆಯ ಮೇಜು, ಸಾಹಿತಿಗಳ ಹರಟೆ.

ಈ ಹಂಬಲವನ್ನು ನಾವು ಪರೀಕ್ಷಿಸದೆ ಬಿಡಬಾರದು. ಆ ಕಾಲದ ಆ ಮೇಜಿನಲ್ಲಿ ಯಾರು ಕುಳಿತಿದ್ದರು? ಗಂಡಸರು ಕುಳಿತಿದ್ದರು. ಅವರು ಕಾಫಿಯ ಮೇಲೆ ಕಾಫಿ ಕುಡಿದು ನವೋದಯವನ್ನೂ ನವ್ಯವನ್ನೂ ಚರ್ಚಿಸುತ್ತಿದ್ದಾಗ ಅವರ ಮನೆಯಾಕೆ ಅವರ ಊಟಕ್ಕಾಗಿ ಕಾದಿದ್ದಳು. ಹಳೆಯ ಹೋಟೆಲಿನ ಹಂಬಲ ಬಹುಮಟ್ಟಿಗೆ ಗಂಡಸಿನ ಹಂಬಲ. ನಮ್ಮ ಅಜ್ಜಿಯರಿಗೆ ಅಂಥ ನೆನಪು ಇರುವುದಾದರೂ ಹೇಗೆ? ಅವರ ಪಾಲಿಗೆ ಹೋಟೆಲಿನ ಸುವರ್ಣಯುಗ ಎಂಬುದು ಇದ್ದರೆ ಅದು ಹಿಂದೆ ಕಳೆದುಹೋದದ್ದಲ್ಲ; ಮೊಮ್ಮಕ್ಕಳು ಹುಟ್ಟಿದ ಮೇಲೆ, ಮಂಡಿ ನೋಯತೊಡಗಿದ ಮೇಲೆ, ತಡವಾಗಿ ಬಂದದ್ದು. ರುಚಿ ಹೋಯಿತೆಂದು ಗಂಡ ಮರುಗುತ್ತಿರುವ ಅದೇ ದೋಸೆಯನ್ನು ಹೆಂಡತಿ ಮೊದಲ ಸಲ ನಿರಾತಂಕವಾಗಿ ತಿನ್ನುತ್ತಿದ್ದಾಳೆ. ಒಂದೇ ಮೇಜಿನಲ್ಲಿ ಎರಡು ಕಾಲಗಳು ಕುಳಿತಿವೆ. ಇದನ್ನು ಕಾಣದ ಬರಹಕ್ಕೆ ಬೆಣ್ಣೆ ಎಷ್ಟು ಸುರಿದರೂ ರುಚಿ ಬಾರದು.

ಹೋಟೆಲನ್ನು ಅಳೆಯಲು ನಮಗೆ ಬೇರೆ ಅಳತೆಗೋಲು ಬೇಕು. ಮೆಟ್ಟಿಲು ಎಷ್ಟಿವೆ, ಹಿಡಿದುಕೊಳ್ಳಲು ಕಂಬಿ ಇದೆಯೇ? ಕೈತೊಳೆಯುವಲ್ಲಿ ನೆಲ ಜಾರುತ್ತದೆಯೇ? ಕುರ್ಚಿಗೆ ಒರಗು ಉಂಟೇ? ತಿಂಡಿಯ ಪಟ್ಟಿಯ ಅಕ್ಷರ ಕಾಣುತ್ತದೆಯೇ? ಹಣವನ್ನು ಫೋನಿನಲ್ಲಿ ಕೊಡಲು ಬಾರದವರಿಗೆ ಚಿಲ್ಲರೆಯನ್ನು ಮುಖ ಸಿಂಡರಿಸದೆ ಕೊಡುತ್ತಾರೆಯೇ? 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳು ಕುರ್ಚಿಯನ್ನೇ ತೆಗೆದುಹಾಕಿದುವು. ಅಗ್ಗದಲ್ಲಿ, ಶುಚಿಯಾಗಿ, ಬೇಗ ತಿನ್ನುವುದಕ್ಕೆ ಅದೊಂದು ಜಾಣ ಉಪಾಯ. ಆದರೆ ನಿಂತು ತಿನ್ನಲಾರದವರನ್ನು ಅದು ಸದ್ದಿಲ್ಲದೆ ಹೊರಗಿಟ್ಟಿತು. ಆ ಪದ್ಧತಿ ಈಗ ಜಿಲ್ಲೆ ತಾಲ್ಲೂಕುಗಳಿಗೂ ಹಬ್ಬುತ್ತಿದೆ. ಸಣ್ಣ ಊರಿನ ಹೋಟೆಲು ಇನ್ನೂ ಕುರ್ಚಿಯನ್ನು ಉಳಿಸಿಕೊಂಡಿರುವುದು, ಯಜಮಾನ ‘ಇನ್ನೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ’ ಎನ್ನುವುದು, ಸಣ್ಣ ವಿಷಯವಲ್ಲ. ಒಂದೇ ಕಾಫಿಯನ್ನು ಹಂಚಿಕೊಂಡು ಅರ್ಧ ಗಂಟೆ ಕುಳಿತವರಿಂದ ಅವನಿಗೆ ಲಾಭವಿಲ್ಲ. ಆದರೂ ಅವನು ಕುಳ್ಳಿರಿಸುತ್ತಾನೆ.

ನಮ್ಮ ಊರುಗಳ ಬೋರ್ಡುಗಳಲ್ಲಿ ‘ಉಪಾಹಾರ’ವೆಂದು ಬರೆಯಬೇಕಾದಲ್ಲಿ ‘ಉಪಹಾರ’ವೆಂದು ಬರೆದಿರುವುದನ್ನು ಕನ್ನಡ ಅಧ್ಯಾಪಕರೆಲ್ಲ ತರಗತಿಯಲ್ಲಿ ತಪ್ಪೆಂದು ತೋರಿಸುತ್ತ ಬಂದಿದ್ದೇವೆ. ಉಪಾಹಾರವೆಂದರೆ ಲಘುವಾದ ಆಹಾರ, ಉಪಹಾರವೆಂದರೆ ಕಾಣಿಕೆ. ವ್ಯಾಕರಣದ ಮಾತಿಗೆ ವಿನಾಯಿತಿ ಇಲ್ಲ. ಆದರೂ, ಕುರ್ಚಿಯನ್ನೂ ಕಾಲವನ್ನೂ ಇಬ್ಬರು ಹಿರಿಯರಿಗೆ ಬಿಟ್ಟುಕೊಡುವ ಹೋಟೆಲಿನ ಬೋರ್ಡಿನ ಮೇಲೆ ಆ ತಪ್ಪು ಇದ್ದರೆ, ತಿದ್ದುವ ಮೊದಲು ಒಂದು ಕ್ಷಣ ತಡೆಯಬೇಕೆನಿಸುತ್ತದೆ.

ಲೇಖಕನ ಮುಂದಿರುವ ಕೆಲಸ

ಇದರಲ್ಲಿ ಘಟನೆಯೆಲ್ಲಿದೆ, ಸಂಘರ್ಷವೆಲ್ಲಿದೆ ಎಂದು ಕಥೆಗಾರರು ಕೇಳಬಹುದು. ಘಟನೆಯಿಲ್ಲವೆಂಬುದು ದಿಟ. ಆದರೆ ನಮ್ಮಲ್ಲಿಯೇ ಒಂದು ಮಾದರಿಯಿದೆ. ಕೆ. ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ಹೊರತಂದಾಗ ಅದರಲ್ಲಿ ಯಾವ ಮಹಾಘಟನೆ ಇತ್ತು? ಹೊಸದಾಗಿ ಮದುವೆಯಾದವರ ಸಣ್ಣ ಸಂಭ್ರಮ, ಸಣ್ಣ ಮುನಿಸು, ಮಾವನ ಮನೆಯ ದಾರಿ. ಅಷ್ಟರಿಂದಲೇ ಅವರು ದಾಂಪತ್ಯಕ್ಕೆ ಕನ್ನಡದಲ್ಲಿ ಒಂದು ದನಿ ಕೊಟ್ಟರು. ಆ ಪುಸ್ತಕವನ್ನು ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟರು ನಮ್ಮ ಜನ. ಇಪ್ಪತ್ತರ ಹರೆಯದ ಆ ಪ್ರೀತಿ ಅರವತ್ತೈದಕ್ಕೆ ಬಂದಾಗ ಅದರ ದನಿ ಹೇಗಿರುತ್ತದೆ? ಆಗ ಅದು ಹೂವಿನ ಮಾತಾಡದು. ‘ನಿಮ್ಮ ಲೋಟಕ್ಕೆ ಸಕ್ಕರೆ ಹಾಕಿದಾನೇನು ನೋಡ್ರೀ’ ಎನ್ನುತ್ತದೆ. ‘ನಿನಗೆ ಇನ್ನೊಂದು ವಡೆ ಹೇಳಲೇ?’ ಎನ್ನುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಒಬ್ಬ ಗಂಡ ಕೇಳಲು ಕಲಿಯುವುದಕ್ಕೆ ಹಿಡಿದ ವರ್ಷಗಳೇ ಆ ಕಥೆಯ ಘಟನೆ.

ಹಿಂದಿನ ಲೇಖಕರು ಹೋಟೆಲಿನಲ್ಲಿ ಆಸೆಯನ್ನು ಕಂಡರು, ಪಾಪವನ್ನು ಕಂಡರು, ಪಲಾಯನವನ್ನು ಕಂಡರು. ಅವು ಅವರ ಕಾಲದ ಸತ್ಯಗಳು. ನಮ್ಮ ಕಾಲದ ಸತ್ಯ ಬೇರೊಂದು ಮೇಜಿನಲ್ಲಿ, ತಡವಾಗಿ, ಮೆಲ್ಲಗೆ ಬಂದು ಕುಳಿತಿದೆ. ಅದು ಕೂಗಿ ಕರೆಯುವುದಿಲ್ಲ. ಅದನ್ನು ಕಾಣಲು ಲೇಖಕನು ತಟ್ಟೆಯಿಂದ ಕಣ್ಣೆತ್ತಿ ತಟ್ಟೆಯ ಮುಂದೆ ಕುಳಿತವರ ಮುಖವನ್ನು ನೋಡಬೇಕು. ಆಮೇಲೆ ತಿರುಗಿ, ಆ ತಟ್ಟೆಯನ್ನು ತೊಳೆಯಲು ಒಯ್ಯುವವರ ಮುಖವನ್ನೂ ನೋಡಬೇಕು. ಎರಡನ್ನೂ ನೋಡಿದವನಿಗೆ ವಸ್ತುವಿನ ಬರ ಬಾರದು.